ಮೊಣಕಾಲು ನೋವು: ಹಣೆಬರಹವಲ್ಲ, ಆರೈಕೆ ಉಂಟು



ಕಳೆದ ತಿಂಗಳು ಇಗರ್ಜಿಯ ಹಿಂಬದಿಯ ಹಾಲಿನಲ್ಲಿ ನಮ್ಮ ವಾರ್ಡಿನ ಬೀಡಿ ಕಾರ್ಮಿಕರ ಸಭೆ ಜರಗಿತು. ಚಾಪೆ ಹಾಸಿ ಕೂತಿದ್ದೆವು. ಕೂಲಿಯ ವಿಷಯ, ಎಲೆಯ ಗುಣದ ವಿಷಯ, ತಿರಸ್ಕರಿಸಿದ ಬೀಡಿಯ ಲೆಕ್ಕ, ಎಲ್ಲವೂ ಚರ್ಚೆಗೆ ಬಂದವು. ಸಭೆ ಮುಗಿದು ಏಳುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಸಲಕ್ಕೆ ಏಳಲಿಲ್ಲ. ಒಬ್ಬರು ಗೋಡೆ ಹಿಡಿದರು, ಒಬ್ಬರು ಪಕ್ಕದವರ ಹೆಗಲು ಹಿಡಿದರು, ಮತ್ತೊಬ್ಬರು ಎರಡೂ ಕೈ ನೆಲಕ್ಕೂರಿ ಮಗುವಿನಂತೆ ತೆವಳಿ ಎದ್ದರು. ಎರಡು ಗಂಟೆ ಮಾತಾಡಿದ ನಾವು ಇದೊಂದರ ಬಗ್ಗೆ ಮಾತೆತ್ತಿರಲಿಲ್ಲ. ಕೇಳಿದರೆ, "ಅದೆಂತ ಉಪದೇಶಿಯವರೇ, ಪ್ರಾಯ ಆಯಿತಲ್ಲ" ಎಂದು ಒಬ್ಬ ಅಕ್ಕ ನಕ್ಕರು. ಅವರ ಪ್ರಾಯ 46.

ಆ ನಗುವೇ ಈ ಸಲದ ಸಂಪಾದಕೀಯಕ್ಕೆ ಕಾರಣ. ನಾನು ಡಾಕ್ಟರನಲ್ಲ, ಎಸ್‌ಎಸ್‌ಎಲ್‌ಸಿ ಓದಿದವನು. ಆದರೆ ತಾಯಿಯ ಮೊಣಕಾಲಿನ ಸಲುವಾಗಿ ಆಸ್ಪತ್ರೆಯ ಮೆಟ್ಟಲು ಹತ್ತಿ ಇಳಿದು, ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ಅರಿತುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಕಾಸರಗೋಡಿನಲ್ಲಿ ಇಂಥ ತಿಳುವಳಿಕೆಯ ಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಮಲಯಾಳ ಮಾತಾಡಬಲ್ಲ ನಮ್ಮ ಹಿರಿಯರಲ್ಲಿ ಅನೇಕರಿಗೆ ಅದನ್ನು ಓದಲು ಬಾರದು. ಆದುದರಿಂದ ಕನ್ನಡದಲ್ಲಿ ಬರೆಯುವುದು ನಮ್ಮ ಕರ್ತವ್ಯ.

ಈ ರೋಗವನ್ನು ಇಂಗ್ಲಿಷ್ ಕಲಿತವರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಇಲ್ಲಿಯ ಆಸ್ಪತ್ರೆಯಲ್ಲಿ "ತೇಯ್ಮಾನ" ಎನ್ನುತ್ತಾರೆ, ಎಂದರೆ ಸವೆತ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಈ ರೋಗವಿತ್ತು. ಅವರಲ್ಲಿ ನೂರಕ್ಕೆ 60 ಮಂದಿ ಸ್ತ್ರೀಯರು. ಎಲ್ಲ ಗಂಟುಗಳಿಗಿಂತ ಹೆಚ್ಚಾಗಿ ಇದು ಹಿಡಿಯುವುದು ಮೊಣಕಾಲನ್ನೇ. ಹಾಗಾಗಿ ನೋವು ನನಗೊಬ್ಬಳಿಗೇ ಬಂತು, ನಾನೇನು ಪಾಪ ಮಾಡಿದ್ದೆನೋ ಎಂದು ಕೊರಗಬೇಕಾದ ಅಗತ್ಯ ಯಾರಿಗೂ ಇಲ್ಲ.

ಆದರೆ ಈ "ತೇಯ್ಮಾನ" ಎಂಬ ಶಬ್ದ ನಮ್ಮವರನ್ನು ದಾರಿ ತಪ್ಪಿಸಿದೆ. ಸವೆತ ಎಂದೊಡನೆ ನಮಗೆ ಸೈಕಲಿನ ಟಯರು ನೆನಪಾಗುತ್ತದೆ. ಓಡಿಸಿದಷ್ಟೂ ಸವೆಯುತ್ತದೆ, ಆದುದರಿಂದ ಓಡಿಸದೆ ಇಡಬೇಕು ಎಂದು ಭಾವಿಸುತ್ತೇವೆ. ನನ್ನ ತಾಯಿಯೂ ಹಾಗೆಯೇ ತಿಳಿದರು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಕಟ್ಟಿದವರು. ಎಕ್ಸ್‌ರೇ ನೋಡಿದ ಒಬ್ಬರು, "ತೇಯ್ಮಾನ ಆಗಿದೆ, ಇನ್ನು ರೆಸ್ಟ್ ತೆಗೆದುಕೊಳ್ಳಿ" ಎಂದಷ್ಟೇ ಹೇಳಿ ಮಾತ್ರೆ ಬರೆದುಕೊಟ್ಟರು. ಅಮ್ಮ ಅದನ್ನು ಅಕ್ಷರಶಃ ಪಾಲಿಸಿದರು. ಬಾವಿಕಟ್ಟೆಗೆ ಹೋಗುವುದನ್ನು ಬಿಟ್ಟರು, ಆಮೇಲೆ ಅಂಗಳಕ್ಕಿಳಿಯುವುದನ್ನು ಬಿಟ್ಟರು, ಕೊನೆಗೆ ಪೂಜೆಗೆ ಬರುವುದನ್ನೂ ಬಿಟ್ಟರು. ಎಂಟು ತಿಂಗಳಲ್ಲಿ ತೊಡೆ ಕೃಶವಾಯಿತು, ಮೊಣಕಾಲು ಪೂರ್ತಿ ನೀಡದಾಯಿತು, ನೋವು ಇಮ್ಮಡಿಯಾಯಿತು. ಆ ಎಂಟು ತಿಂಗಳು ನಾವು ಮಾಡಿದ್ದು ಆರೈಕೆಯಲ್ಲ, ಅಪಕಾರ.

ಏಕೆಂಬುದನ್ನು ತಿಳಿಯಬೇಕು. ತೊಡೆಯ ಎಲುಬು ಮತ್ತು ಕಣಕಾಲಿನ ಎಲುಬು ಸಂಧಿಸುವಲ್ಲಿ ಎರಡರ ತುದಿಗೂ ನುಣುಪಾದ ಮೆತ್ತೆಯೊಂದಿದೆ. ಅದನ್ನು ಮೃದ್ವಸ್ಥಿ ಎನ್ನುತ್ತಾರೆ. ಈ ಮೆತ್ತೆಗೆ ರಕ್ತನಾಳವಿಲ್ಲ. ಗಂಟಿನೊಳಗಿರುವ ಜಿಗುಟು ದ್ರವದಿಂದಲೇ ಅದಕ್ಕೆ ಆಹಾರ. ಕಾಲನ್ನು ಮಡಿಚಿ ನೀಡಿ ಮಾಡುವಾಗ ಮೆತ್ತೆ ಒತ್ತಿ ಬಿಡುತ್ತದೆ. ಒತ್ತಿದಾಗ ಹಳೆಯದನ್ನು ಹೊರಕ್ಕೆ ಬಿಟ್ಟು, ಬಿಟ್ಟಾಗ ಹೊಸದನ್ನು ಹೀರಿಕೊಳ್ಳುತ್ತದೆ. ಚಲನೆ ನಿಂತರೆ ಅದರ ಊಟವೂ ನಿಂತಂತೆ. ಇನ್ನು ಮೊಣಕಾಲಿನ ಭಾರವನ್ನು ತಾಳಿಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು. ಕೂತಲ್ಲೇ ಕೂತರೆ ಮೊದಲು ಸೊರಗುವುದು ಅದೇ. ಅದು ಸೊರಗಿದ ಮೇಲೆ ಪ್ರತಿ ಹೆಜ್ಜೆಯ ಪೆಟ್ಟೂ ನೇರವಾಗಿ ಗಂಟಿಗೆ ಬೀಳುತ್ತದೆ. ಟಯರು ತನ್ನನ್ನು ತಾನು ಪೋಷಿಸಿಕೊಳ್ಳಲಾರದು. ಮೊಣಕಾಲು ಜೀವವಿರುವ ಅಂಗ.

ಹಾಗಾದರೆ ಕೆಲಸದಿಂದ ಮೊಣಕಾಲು ಕೆಡುವುದಿಲ್ಲವೇ ಎಂದು ಕೇಳುವಿರಿ. ಕೆಡುತ್ತದೆ. ಸಮತಟ್ಟಾದ ದಾರಿಯಲ್ಲಿ ಮಿತವಾಗಿ ನಡೆಯುವುದು ಬೇರೆ, ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವುದು ಬೇರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಣಕಾಲು ಮಡಿಚಿ ಶ್ರಮದ ಕೆಲಸ ಮಾಡಿದ ಗಂಡಸರಲ್ಲಿ ಈ ರೋಗ ಹೆಚ್ಚೆಂದು ಕಂಡುಬಂತು. ಬೀಜಿಂಗ್ ನಗರದ ಮುದುಕರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಯೌವನದಲ್ಲಿ ದಿನವೂ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತವರಿಗೆ ಅಪಾಯ ಹೆಚ್ಚೆಂದು ತಿಳಿಯಿತು. ಈಗ ನಮ್ಮ ಸುತ್ತ ನೋಡಿರಿ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲನ್ನು ನೆಲದಿಂದೆತ್ತಿ ಲಾರಿಗೆ ಏರಿಸುವವನು, ಅಡಿಕೆ ಸುಲಿಯುತ್ತಾ ಇಡೀ ದಿನ ಮಣೆಯ ಮೇಲೆ ಕೂರುವವಳು, ಟೈಲ್ಸ್ ಹಾಸಲು ಮೊಣಕಾಲೂರಿ ಸರಿಯುವ ಹುಡುಗ, ಇವರೆಲ್ಲ ದಿನಕ್ಕೆ ಎಷ್ಟು ಸಲ ಮೊಣಕಾಲನ್ನು ಪೂರ್ತಿ ಮಡಿಚುತ್ತಾರೆ, ಎಷ್ಟು ಭಾರ ಹೊತ್ತು ಏಳುತ್ತಾರೆ! ಆದುದರಿಂದ ಎರಡೂ ಮಾತು ನಿಜ. ಮಡಿಚಿದ ಕಾಲಿನ ಮೇಲೆ ಬೀಳುವ ಭಾರ ಗಂಟನ್ನು ಕೆಡಿಸುತ್ತದೆ. ಹದವಾದ ಚಲನೆ ಅದನ್ನು ಉಳಿಸುತ್ತದೆ. ಮೊದಲನೆಯದನ್ನು ಕಡಿಮೆ ಮಾಡಬೇಕು, ಎರಡನೆಯದನ್ನು ಹೆಚ್ಚು ಮಾಡಬೇಕು. ಈ ಲೇಖನದ ಸಾರವೇ ಇದು.

ರೋಗದ ಗುರುತು ಹೀಗೆ. ನಡೆಯುವಾಗ, ಮೆಟ್ಟಲು ಇಳಿಯುವಾಗ, ನೆಲದಿಂದ ಏಳುವಾಗ ನೋವು, ಕೂತರೆ ಸ್ವಲ್ಪ ಶಮನ. ಬೆಳಿಗ್ಗೆ ಎದ್ದಾಗ ಗಂಟು ಬಿಗಿದಿದ್ದು ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮಡಿಚುವಾಗ ಕಟಕಟ ಸದ್ದು. ಆಗಾಗ ಬಾವು. ವರ್ಷಗಳು ಕಳೆದಂತೆ ಕೆಲವರ ಕಾಲು ಬಿಲ್ಲಿನಂತೆ ಬಾಗುತ್ತದೆ. ನೋವಿಲ್ಲದೆ ಬರಿಯ ಸದ್ದು ಮಾತ್ರ ಇದ್ದರೆ ಹೆದರಬೇಕಾದುದಿಲ್ಲ. ಎಕ್ಸ್‌ರೇಯಲ್ಲಿ ಸವೆತ ಬಹಳ ಕಂಡರೂ ನೋವು ಕಡಿಮೆ ಇರುವವರುಂಟು, ಸವೆತ ಕಡಿಮೆ ಇದ್ದು ನೋವು ಬಹಳ ಇರುವವರೂ ಉಂಟು. ಎಕ್ಸ್‌ರೇ ಕಂಡು ಎದೆಗುಂದಬೇಡಿರಿ.

ಎಲ್ಲ ಮೊಣಕಾಲು ನೋವೂ ಸವೆತವಲ್ಲ ಎಂಬುದನ್ನು ಮರೆಯಬಾರದು. ಗಂಟು ಒಮ್ಮೆಲೇ ಊದಿ, ಕೆಂಪಾಗಿ ಬಿಸಿಯಾಗಿ ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಳಗೆ ಕೀವಾಗುತ್ತಿದ್ದರೆ ಕೆಲವೇ ದಿನಗಳಲ್ಲಿ ಗಂಟು ಹಾಳಾಗುತ್ತದೆ. ಕೈಬೆರಳಿನ ಗಂಟುಗಳೂ ಸೇರಿ ಬೆಳಗಿನ ಬಿಗಿತ ಗಂಟೆಗಿಂತ ಹೆಚ್ಚು ಹೊತ್ತು ಉಳಿದರೆ ಅದು ಆಮವಾತವಿರಬಹುದು. ಅದರ ಮದ್ದು ಬೇರೆ, ಬೇಗ ಹಿಡಿದಷ್ಟೂ ಒಳ್ಳೆಯದು. ಜ್ವರ ಬಿಟ್ಟ ಮೇಲೆ ತಿಂಗಳುಗಟ್ಟಲೆ ಉಳಿಯುವ ಚಿಕೂನ್‌ಗುನ್ಯದ ಗಂಟುನೋವನ್ನು 2006 ಮತ್ತು 2007ರ ಹಾವಳಿಯಲ್ಲಿ ಕೇರಳದವರು ಕಂಡಿದ್ದಾರೆ. ಬಿದ್ದು ಪೆಟ್ಟಾದ ಮೇಲೆ ಕಾಲೂರಲಾಗದಿದ್ದರೆ, ಕಾಲು ನಡುವೆ ಸಿಕ್ಕಿಹಾಕಿಕೊಂಡು ನೀಡಲಾಗದಿದ್ದರೆ, ಮಲಗಿದಾಗಲೂ ರಾತ್ರಿಯಿಡೀ ಬಿಡದ ನೋವಿದ್ದರೆ ಡಾಕ್ಟರರಿಗೆ ತೋರಿಸಲೇಬೇಕು.

ಇನ್ನು ಆರೈಕೆಯ ಮಾತು. ಮೊದಲನೆಯದು, ಮುಖ್ಯವಾದದ್ದು, ವ್ಯಾಯಾಮ. ಇದಕ್ಕೆ ಕಾಸಿನ ಖರ್ಚಿಲ್ಲ. ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿಯ ಸಿಸ್ಟರ್ ಅಮ್ಮನಿಗೆ ಕಲಿಸಿದ್ದು ಇಷ್ಟೇ. ಕಾಲು ನೀಡಿ ಕೂತು ಮೊಣಕಾಲಿನ ಅಡಿಗೆ ಸುತ್ತಿದ ಟವೆಲು ಇಟ್ಟು, ಮೊಣಕಾಲಿನಿಂದ ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹೀಗೆ ಹತ್ತು ಸಲ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೆಟ್ಟಗೆ ಮುಂದಕ್ಕೆ ನೀಡಿ ಐದು ಎಣಿಸಿ ಇಳಿಸುವುದು, ಎರಡೂ ಕಾಲಿಗೆ ಹತ್ತು ಹತ್ತು ಸಲ. ಅಂಗಾತ ಮಲಗಿ ಒಂದು ಕಾಲನ್ನು ಮಡಿಚಿಟ್ಟು, ಇನ್ನೊಂದನ್ನು ನೆಟ್ಟಗೆ ಒಂದು ಅಡಿಯಷ್ಟು ಎತ್ತಿ ಹಿಡಿದು ಇಳಿಸುವುದು. ಸ್ವಲ್ಪ ಬಲ ಬಂದ ಮೇಲೆ ಎತ್ತರದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಇದಲ್ಲದೆ ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷದಿಂದ ತೊಡಗಿ ನಿಧಾನವಾಗಿ ಅರ್ಧ ಗಂಟೆಯವರೆಗೆ ನಡಿಗೆ. ಮಾಡುವಾಗ ಕೊಂಚ ನೋವಾದರೆ ಹಾನಿಯಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಏರಿದ್ದರೆ ಅರ್ಧಕ್ಕೆ ಇಳಿಸಿರಿ, ಬಿಡಬೇಡಿರಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ನಾಲ್ಕು ದಿನ ಮಾಡಿ "ಏನೂ ಗುಣವಿಲ್ಲ" ಎನ್ನುವವರೇ ನಮ್ಮಲ್ಲಿ ಜಾಸ್ತಿ.

ಎರಡನೆಯದು ತೂಕ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲಿ ಅಮೆರಿಕದಲ್ಲಿ ಅಳೆದು ತೋರಿಸಿದ್ದಾರೆ. ಐದು ಕಿಲೋ ಇಳಿಸಿದವರು ಹೆಜ್ಜೆಗೆ ಇಪ್ಪತ್ತು ಕಿಲೋ ಇಳಿಸಿದಂತೆ. ಕುಸುಬಲಕ್ಕಿಯ ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ, ಹೆಸರುಕಾಳು, ತರಕಾರಿ, ಬೂತಾಯಿ ಸಾರು ಹೆಚ್ಚಿಸಿಕೊಳ್ಳಿರಿ. ದಿನಕ್ಕೆ ನಾಲ್ಕು ಸಲ ಕುಡಿಯುವ ಚಹಾದ ಸಕ್ಕರೆಯನ್ನೂ ಲೆಕ್ಕ ಹಾಕಿರಿ. ಸಪೂರವಾಗಿರುವವರು ಊಟ ಬಿಡಬೇಕಾಗಿಲ್ಲ, ಅವರಿಗೆ ಬೇಕಾದ್ದು ಸ್ನಾಯುವಿನ ಬಲ.

ಮೂರನೆಯದು ಮನೆಯ ಸಣ್ಣ ಸಣ್ಣ ಬದಲಾವಣೆ. ಮಣೆಯ ಬದಲು ಸ್ಟೂಲು. ಕುಕ್ಕರಗಾಲಿನ ಕಕ್ಕಸಿನ ಮೇಲೆ ಇಡುವ, ನಡುವೆ ತೂತಿರುವ ಕುರ್ಚಿ. ಒಗೆಯುವ ಕಲ್ಲನ್ನು ಸೊಂಟದೆತ್ತರಕ್ಕೆ ಏರಿಸುವುದು. ದೊಣ್ಣೆ ಹಿಡಿಯುವವರು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ಬಲಗಾಲು ನೋವಾದರೆ ಎಡಗೈಯಲ್ಲಿ. ನಮ್ಮವರು ಬಹುತೇಕ ಇದನ್ನು ತಿರುಗಾ ಮಾಡುತ್ತಾರೆ. ಮೆಟ್ಟಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬಿಸಿನೀರಿನ ಶಾಖ, ಎಣ್ಣೆ ತಿಕ್ಕುವುದು, ಇವು ಹಿತ ಕೊಡುತ್ತವೆ, ಮಾಡಬಹುದು. ಆದರೆ ಸವೆದ ಮೆತ್ತೆಯನ್ನು ಯಾವ ಎಣ್ಣೆಯೂ ಮರಳಿ ಬೆಳೆಸಲಾರದು.

ಮದ್ದಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಮೊದಲು ಬಳಸಬೇಕಾದ್ದು ಮೇಲಿನಿಂದ ಹಚ್ಚುವ ಡೈಕ್ಲೋಫೆನಾಕ್ ಜೆಲ್. ನುಂಗುವ ನೋವಿನ ಮಾತ್ರೆಯನ್ನು ಅಂಗಡಿಯಿಂದ ಹತ್ತು ಹತ್ತಾಗಿ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ಹೃದಯಕ್ಕೂ ಅಪಾಯ. ರಕ್ತದೊತ್ತಡದ, ಸಕ್ಕರೆಯ ಮದ್ದು ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಮುಟ್ಟಲೇಬಾರದು. ಚೀಟಿಯಿಲ್ಲದೆ, ಹೆಸರಿಲ್ಲದೆ ಪೊಟ್ಟಣದಲ್ಲಿ ಕೊಡುವ "ಗಂಟುನೋವಿನ ಪುಡಿ"ಗಳನ್ನು ನಂಬಬೇಡಿರಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾದದ್ದುಂಟು. ಗಂಟಿಗೆ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವನ್ನು ತಗ್ಗಿಸಬಹುದು. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದಾಗ ನೋವಿಗೆ ಹೆಚ್ಚಿನ ಪ್ರಯೋಜನವಾಗದೆ ಮೆತ್ತೆ ಇನ್ನಷ್ಟು ತೆಳುವಾಯಿತೆಂದು 2017ರ ಅಧ್ಯಯನವೊಂದು ಹೇಳಿದೆ. ದುಬಾರಿ ಗ್ಲುಕೋಸಮೀನ್ ಮಾತ್ರೆಯನ್ನು 2006ರಲ್ಲಿ ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಒಟ್ಟಾರೆ ನೋಡಿದರೆ ಅದು ಮದ್ದಿಲ್ಲದ ಗುಳಿಗೆಗಿಂತ ಮೇಲೆಂದು ತೋರಲಿಲ್ಲ. ಸವೆದ ಗಂಟನ್ನು ತೂತು ಮಾಡಿ ಕ್ಯಾಮರಾ ಹಾಕಿ ತೊಳೆಯುವ ಆಪರೇಷನ್ನಿನ ಗತಿಯೂ ಹಾಗೆಯೇ. 2002ರಲ್ಲಿ 180 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದು ನೋಡಿದರು. ಎರಡು ವರ್ಷದ ಮೇಲೆ ಇಬ್ಬರ ನೋವೂ ಒಂದೇ. ಬಳೆ ಅಡವಿಟ್ಟು ಇಂಥದಕ್ಕೆ ಹೋಗುವ ಮೊದಲು ಎರಡು ಸಲ ಯೋಚಿಸಿರಿ.

ಎಲ್ಲ ಮಾಡಿಯೂ ನಾಲ್ಕು ಹೆಜ್ಜೆ ನಡೆಯಲಾಗದೆ, ರಾತ್ರಿ ನಿದ್ದೆಯಿಲ್ಲದೆ ಕಷ್ಟಪಡುವವರಿಗೆ ಗಂಟು ಬದಲಿಸುವ ಆಪರೇಷನ್ ಒಳ್ಳೆಯ ದಾರಿ. ಹಾಕಿದ ಗಂಟುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮೊಣಗಂಟಿನ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಬಗೆಗೆ ಆಗ ಗೊತ್ತುಪಡಿಸಿದ ಬೆಲೆ ತೆರಿಗೆ ಬಿಟ್ಟು 54,720 ರೂಪಾಯಿ. ಬಿಲ್ಲಿನಲ್ಲಿ ಗಂಟಿನ ಬೆಲೆಯನ್ನು ಬೇರೆಯಾಗಿ ಬರೆಸಿ ಕೇಳಿರಿ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆಯ ನೆರವಿದೆ. ಮಂಗಳೂರಿಗೆ ಹೊರಡುವ ಮೊದಲೇ ಆ ಆಸ್ಪತ್ರೆ ನಿಮ್ಮ ಕಾರ್ಡನ್ನು ಒಪ್ಪುತ್ತದೆಯೇ ಎಂದು ವಿಚಾರಿಸಿರಿ. ಆಪರೇಷನ್ ಆದ ಮೇಲೂ ವ್ಯಾಯಾಮ ತಪ್ಪದು, ಮತ್ತೆ ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಕೆಲಸಕ್ಕೆ ಮರಳಲಾಗದು ಎಂಬುದನ್ನೂ ಮೊದಲೇ ತಿಳಿದಿರಬೇಕು.

ಬಂಧುಗಳೇ, ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸಭೆಯಲ್ಲಿ ನಕ್ಕ ಆ ಅಕ್ಕನಿಗೆ ನಾನು ಈ ಮಾತುಗಳನ್ನು ಹೇಳಿದಾಗ ಅವರು ಕೇಳಿದ್ದು ಇದು: "ಅರ್ಧ ಗಂಟೆಗೊಮ್ಮೆ ಎದ್ದರೆ ನನ್ನ ಸಾವಿರ ಯಾರು ಕಟ್ಟುವುದು?" ನನಗೆ ಉತ್ತರ ಹೊಳೆಯಲಿಲ್ಲ. ಸಾವಿರ ಬೀಡಿಗೆ ಇಂತಿಷ್ಟು, ಇಷ್ಟು ಕಲ್ಲಿಗೆ ಇಂತಿಷ್ಟು ಎಂದು ಕೂಲಿ ಕೊಡುವಲ್ಲಿ ವಿಶ್ರಾಂತಿಯ ಖರ್ಚನ್ನು ಕಾರ್ಮಿಕನೇ ಭರಿಸುತ್ತಾನೆ. ಮೊಣಕಾಲು ಕೆಟ್ಟ ಮೇಲೆ ಅದರ ಖರ್ಚನ್ನೂ ಅವನೇ ಭರಿಸುತ್ತಾನೆ. ಇದು ಒಬ್ಬೊಬ್ಬರ ಮನೆಯ ವ್ಯಾಯಾಮದಿಂದ ಬಗೆಹರಿಯುವ ವಿಷಯವಲ್ಲ.

ಬೇರೆ ದೇಶಗಳಲ್ಲಿ ಇದನ್ನು ಕೆಲಸದ ರೋಗವೆಂದು ಒಪ್ಪಿದ್ದಾರೆ. ಬ್ರಿಟನ್ 2009ರಲ್ಲಿ ಕಲ್ಲಿದ್ದಲ ಗಣಿಯವರಿಗೆ, 2012ರಲ್ಲಿ ನೆಲಹಾಸು ಹಾಕುವವರಿಗೆ ಮೊಣಕಾಲು ಸವೆತವನ್ನು ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತು. ಜರ್ಮನಿ 2009ರಲ್ಲಿ, ಜೀವಮಾನದಲ್ಲಿ 13,000 ಗಂಟೆ ಮೊಣಕಾಲೂರಿ ಅಥವಾ ಅದರಂತೆ ಮೊಣಕಾಲಿಗೆ ಭಾರ ಬೀಳುವ ರೀತಿಯಲ್ಲಿ ದುಡಿದವರಿಗೆ ಈ ಹಕ್ಕು ಕೊಟ್ಟಿತು. ನಮ್ಮ ದೇಶದ ಪಟ್ಟಿಯಲ್ಲಿ ಈ ರೋಗದ ಹೆಸರಿಲ್ಲ. ನಮ್ಮಲ್ಲಿ ಅದಕ್ಕೆ "ಪ್ರಾಯ" ಎಂದೇ ಹೆಸರು. ಆದರೆ ಆಸನಕ್ಕಾಗಿ ಹೋರಾಡಿ ಗೆದ್ದ ದೃಷ್ಟಾಂತ ನಮ್ಮ ರಾಜ್ಯದಲ್ಲೇ ಇದೆ. ದಿನವಿಡೀ ನಿಂತೇ ದುಡಿಯುತ್ತಿದ್ದ ಕಲ್ಲಿಕೋಟೆಯ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಒಕ್ಕಟ್ಟಾಗಿ ಕೇಳಿದ ಫಲವಾಗಿ, 2018ರಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನನ್ನು ತಿದ್ದಿ ಅವರಿಗೆ ಕೂರುವ ಹಕ್ಕು ಕೊಟ್ಟಿತು. ಅವರು ಕುರ್ಚಿ ಕೇಳಿದರು. ನೆಲದಲ್ಲೇ ಕೂತು ಸವೆಯುವ ನಾವೂ ಕೇಳಬೇಕಾದ್ದು ಅದನ್ನೇ.

ಆದುದರಿಂದ ನಮ್ಮ ಒಕ್ಕೂಟದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಮೂರು ಸಂಗತಿ ಸೇರಬೇಕೆಂದು ಈ ಪತ್ರಿಕೆ ಒತ್ತಾಯಿಸುತ್ತದೆ. ಒಂದು, ಅಡಿಕೆ ಸುಲಿಯುವಲ್ಲಿ, ಗೇರುಬೀಜದ ಕೆಲಸದಲ್ಲಿ, ಬೀಡಿ ಕಟ್ಟುವಲ್ಲಿ ಎತ್ತರದ ಆಸನ ಮತ್ತು ಮೇಜು. ಎರಡು, ತುಂಡುಕೂಲಿಯ ದರ ನಿಗದಿ ಮಾಡುವಾಗ ಎದ್ದು ನಡೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುವುದು. ಮೂರು, ಕೋರೆಯಲ್ಲಿ, ಟೈಲ್ಸ್ ಕೆಲಸದಲ್ಲಿ ಮೊಣಕಾಲಿಗೆ ಕಟ್ಟುವ ಮೆತ್ತೆ ಮತ್ತು ಭಾರ ಎತ್ತುವ ಸಾಧನ. ಅಲ್ಲಿಯವರೆಗೆ ನೂರು ಬೀಡಿಗೊಮ್ಮೆಯಾದರೂ ಎದ್ದು ಅಂಗಳಕ್ಕೆ ಒಂದು ಸುತ್ತು ಬನ್ನಿರಿ. ಬೀಡಿ ಹತ್ತು ಕಡಿಮೆಯಾದೀತು, ಕಾಲು ಹತ್ತು ವರ್ಷ ಹೆಚ್ಚು ಬಂದೀತು.

ಕೊನೆಗೊಂದು ಮಾತು. ಮೊಣಕಾಲೂರಲಾಗದ ನಾಚಿಕೆಯಿಂದ ಪೂಜೆಗೆ ಬಾರದೆ ಮನೆಯಲ್ಲೇ ಉಳಿಯುವ ತಾಯಂದಿರು ನನ್ನ ಅಮ್ಮನಂತೆ ಇನ್ನೂ ಇದ್ದಾರೆ. ಪವಿತ್ರೀಕರಣದ ವೇಳೆ ಆರೋಗ್ಯದ ಕಾರಣ ಮೊಣಕಾಲೂರಲಾಗದವರು ನಿಂತಿದ್ದು, ಗುರುಗಳು ಮಣಿಯುವಾಗ ತಲೆಬಾಗಿದರೆ ಸಾಕೆಂದು ಪೂಜಾವಿಧಿಯ ನಿಯಮದಲ್ಲೇ ಇದೆ. ಹಿಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಇಡುವ ಏರ್ಪಾಡು ನಮ್ಮ ಇಗರ್ಜಿಯಲ್ಲಿ ಆಗಿದೆ, ನಿಮ್ಮಲ್ಲಿಯೂ ಆಗಲಿ. ಅಮ್ಮ ಈಗ ಟವೆಲಿನ ವ್ಯಾಯಾಮ ತಪ್ಪದೆ ಮಾಡುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಆದರೆ ಬಾವಿಕಟ್ಟೆಗೆ ಹೋಗುತ್ತಾರೆ, ಆದಿತ್ಯವಾರ ಆ ಕುರ್ಚಿಗಳಲ್ಲೊಂದರಲ್ಲಿ ಕೂರುತ್ತಾರೆ.

ಮುಂದಿನ ಸಭೆಗೆ ಚಾಪೆಯ ಬದಲು ಬೆಂಚು ಹಾಕಿಸುತ್ತೇವೆ. ತಪ್ಪದೆ ಬನ್ನಿರಿ. ಮೊಣಕಾಲಿನ ವಿಷಯವನ್ನು ಈ ಸಲ ಮೊದಲು ಮಾತಾಡೋಣ.